ಹಾಡು ರಂಗವೇರುವಾಗ

ಬಾಯಿಂದ ಬಾಯಿಗೆ ಬಂದ ಕಾವ್ಯವನ್ನು ರಂಗಕ್ಕೆ ತರುವವರು ಅದರ ಮೂಲಕ್ಕೆ ಎಷ್ಟರಮಟ್ಟಿಗೆ ಬದ್ಧರು ಎಂಬ ಪ್ರಶ್ನೆ ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ತೀವ್ರ ರೂಪದಲ್ಲಿ ಎದುರಾಯಿತು. ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದ ಮುಂದಕ್ಕೆ ಪ್ರಕಟಿಸಿದ ಗದ್ಯಕಾವ್ಯಗಳನ್ನು ಓಸಿಯನ್ ಎಂಬ ಪ್ರಾಚೀನ ಕೆಲ್ಟಿಕ್ ಕವಿಯ ರಚನೆಗಳ ಅನುವಾದವೆಂದು ಸಾರಿದನು. ಜನಪದ ಲಾವಣಿಗಳ ಎಳೆಗಳು ಅವುಗಳಲ್ಲಿ ಇದ್ದರೂ ಬಹುಭಾಗ ಆತನದೇ ಸೃಷ್ಟಿಯೆಂದು ವಿದ್ವಾಂಸರು ಆಮೇಲೆ ನಿರ್ಣಯಿಸಿದರು. ಇಟಲಿಯ ಕವಿ ಚೆಸರೋತ್ತಿ 1763ರಲ್ಲಿ ಅವನ್ನು ಇಟಾಲಿಯನ್ ಪದ್ಯಕ್ಕೆ ತಂದ ಮೇಲೆ, ಅದೇ ಕಾವ್ಯಲೋಕದಿಂದ ವಸ್ತುವನ್ನು ಪಡೆದ ಫ್ರಾಂಚೆಸ್ಕೊ ಬಿಯಾಂಕಿಯ ‘ಕಾಲ್ತೊ’ 1788ರಲ್ಲಿ ವೆನಿಸ್ ನಗರದಲ್ಲಿ ಪ್ರದರ್ಶನಗೊಂಡಿತು. ಅದು ‘ಒಪೆರಾ ಸೀರಿಯಾ’, ಅಂದರೆ ಗಂಭೀರ ವಸ್ತುವಿನ ಸಂಗೀತ ನಾಟಕ. ಅದರಲ್ಲಿ ಮಾತಿನ ಲಯಕ್ಕೆ ಹತ್ತಿರವಾದ ‘ರೆಸಿಟೇಟಿವ್’ ಗಾಯನದಲ್ಲಿ ಕಥೆ ಸಾಗುತ್ತದೆ. ‘ಆರಿಯಾ’ ಎಂಬ ಪೂರ್ಣ ಹಾಡು ಬಂದಾಗ ಕಥೆ ತಡೆದು ನಿಂತು, ಪಾತ್ರದ ಒಂದೇ ಭಾವ ಬೆಳೆಯುತ್ತ ಹೋಗುತ್ತದೆ.

ಹಾವೇರಿ, ರಾಣೆಬೆನ್ನೂರು ಸೀಮೆಯವರು ಬಲ್ಲ ದೊಡ್ಡಾಟದ ಕ್ರಮವೇ ಬೇರೆ. ಅಲ್ಲಿ ಮದ್ದಲೆ, ತಾಳ, ಮುಖವೀಣೆಗಳ ಹಿಮ್ಮೇಳದೊಡನೆ ಹಾಡೇ ಕಥೆಯನ್ನು ಮುನ್ನಡೆಸುತ್ತದೆ, ವೇಷಧಾರಿಯ ಮಾತು ಹಾಡಿನ ಅರ್ಥವನ್ನು ಬಿಡಿಸಿಡುತ್ತದೆ. ಹೀಗೆ ಪ್ರತಿಯೊಂದು ರಂಗವೂ ತನಗೆ ಸಿಕ್ಕ ಕಾವ್ಯವನ್ನು ತನ್ನ ಕಟ್ಟಳೆಗೆ ಒಗ್ಗಿಸಿಕೊಳ್ಳುವುದರಿಂದ, ಮೂಲವನ್ನು ಮಾರ್ಪಡಿಸಿದ್ದನ್ನೇ ತಪ್ಪೆನ್ನುವುದು ರಂಗಕಲೆಯನ್ನೇ ನಿರಾಕರಿಸಿದಂತೆ.

ಈ ಸೀಮೆಯ ಕವಿಗಳ ಮಟ್ಟಿಗೆ ‘ಮೂಲ’ವೆಂಬುದೇ ಸುಲಭವಾಗಿ ಕೈಗೆ ಸಿಕ್ಕುವ ವಸ್ತುವಲ್ಲ. ಅಬಲೂರು, ಮಾಸೂರುಗಳ ಪರಂಪರೆ ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನ ಅಂಕಿತದಲ್ಲಿ ಪರರ ತ್ರಿಪದಿಗಳೂ ಸೇರಿಕೊಂಡಿವೆ. ಆದರೆ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಸಂಗ್ರಾಹಕರಾಗಿ ನಿಂತರೇ ಹೊರತು, ತಮ್ಮ ರಚನೆಗೆ ಸರ್ವಜ್ಞನ ಹೆಸರನ್ನು ತೊಡಿಸಲಿಲ್ಲ. ಮ್ಯಾಕ್‌ಫರ್ಸನ್ನನಿಗೂ ಅವರಿಗೂ ಇರುವ ಅಂತರ ಇದೇ, ಮತ್ತು ಇದು ಸಣ್ಣದಲ್ಲ. ಶಿಶುನಾಳ ಶರೀಫರ (1819–1889) ತತ್ವಪದಗಳ ವಿಷಯವೂ ಇದಕ್ಕೆ ಸಮೀಪದ್ದು. ಏಕತಾರಿ, ದಮ್ಮಡಿಗಳ ಜೊತೆಗೆ ಭಜನೆಯ ಮೇಳದಲ್ಲಿ ಒಬ್ಬರು ಎತ್ತಿಕೊಂಡ ಸೊಲ್ಲನ್ನು ಉಳಿದವರು ಮರಳಿ ಹಾಡುತ್ತಿದ್ದ ಪದಗಳು, ಸಿ. ಅಶ್ವಥ್ ಅವರ ಸಂಯೋಜನೆಯಲ್ಲಿ ವಾದ್ಯವೃಂದದ ಹಾಡುಗಳಾಗಿ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ನಾಡಿನ ಎಲ್ಲೆಡೆ ಹಬ್ಬಿದವು. ಧಾಟಿ ಹೊಸದು, ಅದನ್ನು ಹೊಸದೆಂದೇ ಕೇಳುಗರು ಬಲ್ಲರು. ಆದ್ದರಿಂದ ಅಲ್ಲಿ ಯಾರಿಗೂ ವಂಚನೆಯಾಗಿಲ್ಲ.

ಪ್ರಾಚೀನತೆಯ ಮುದ್ರೆ ದುರ್ಬಲ ನಾಟಕವನ್ನು ಉಳಿಸಲಾರದು, ಮೂಲ ಕೃತಕವೆಂದು ತಿಳಿದ ಮಾತ್ರಕ್ಕೆ ಒಳ್ಳೆಯ ಸಂಗೀತ ಕೆಡುವುದೂ ಇಲ್ಲ. ಆದರೂ ಯಾವ ಸಾಲು ಹಳೆಯದು, ಯಾವುದು ಈಚಿನದು ಎಂದು ತಿಳಿಯುವ ಹಕ್ಕು ಕೇಳುಗನಿಗಿದೆ. ಶರೀಫರ ಪದಗಳನ್ನೂ ಸರ್ವಜ್ಞನ ತ್ರಿಪದಿಗಳನ್ನೂ ರಂಗಕ್ಕೆ ತರುವ ತಂಡಗಳು ಪಾಠವನ್ನು ಎಲ್ಲಿಂದ ಪಡೆದೆವು, ಧಾಟಿ ಯಾರದು, ಸೇರಿಸಿದ ಭಾಗ ಯಾವುದು ಎಂಬುದನ್ನು ತಮ್ಮ ಕರಪತ್ರದಲ್ಲಿ ತಪ್ಪದೆ ಅಚ್ಚು ಹಾಕಿಸಬೇಕು.