ಗುರುಪೀಠವೂ ಆಪ್ತಸಮಾಲೋಚನೆಯೂ

ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶಪರೀಕ್ಷೆಗಾಗಿ ಓದುತ್ತಿದ್ದ ಬಾಲಿಕೆಯೊಬ್ಬಳ ಮರಣದ ಪ್ರಕರಣವನ್ನು ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು 2025ನೆಯ ಜುಲೈ ತಿಂಗಳಲ್ಲಿ ದೇಶದ ವಿದ್ಯಾಸಂಸ್ಥೆಗಳಿಗೆಲ್ಲ ಕೆಲವು ವಿಧಿಗಳನ್ನು ಗೊತ್ತುಮಾಡಿರುವುದು ವಾಚಕರಿಗೆ ವಿದಿತವೇ ಇದೆ. ನೂರು ಅಥವಾ ಅದಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯೂ ತಕ್ಕ ಶಿಕ್ಷಣ ಪಡೆದ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ಒಬ್ಬರನ್ನಾದರೂ ನೇಮಿಸಿಕೊಳ್ಳತಕ್ಕದ್ದು. ಅದಕ್ಕಿಂತ ಸಣ್ಣ ಶಾಲೆಗಳು ಹೊರಗಿನ ತಜ್ಞರೊಡನೆ ಕ್ರಮವಾದ ಸಂಬಂಧವನ್ನು ಏರ್ಪಡಿಸಿಕೊಳ್ಳತಕ್ಕದ್ದು. ಉಪಾಧ್ಯಾಯರೂ ಇತರ ನೌಕರರೂ ವರ್ಷಕ್ಕೆ ಎರಡು ಸಲವಾದರೂ ಈ ವಿಷಯದಲ್ಲಿ ತರಬೇತಿ ಪಡೆಯತಕ್ಕದ್ದು. ಇದನ್ನು ಬಹಿರಂಗವಾಗಿ ವಿರೋಧಿಸುವವರು ಮೈಸೂರಿನಲ್ಲಿ ವಿರಳ. ವಿರೋಧಕ್ಕಿಂತ ಅಪಾಯಕರವಾದ ಒಂದು ಒಪ್ಪಿಗೆ ಮಾತ್ರ ಕೇಳಿಬರುತ್ತದೆ: “ನಮ್ಮಲ್ಲಿ ಗುರುವೇ ಆಪ್ತಸಮಾಲೋಚಕ, ಹಿರಿಯ ಮೇಷ್ಟರೊಬ್ಬರಿಗೆ ಈ ಕೆಲಸವನ್ನೂ ವಹಿಸಿದರೆ ಸಾಕು.”

ಇದಕ್ಕೆ ಗೀತೆಯನ್ನೇ ಪ್ರಮಾಣವಾಗಿ ತರುವವರುಂಟು. ವಿಷಾದಗ್ರಸ್ತನಾದ ಅರ್ಜುನನಿಗೆ ಕೃಷ್ಣನು ಸಲಹೆ ಕೊಡಲಿಲ್ಲವೇ, ಪರದೇಶದ ಶಾಸ್ತ್ರವೇಕೆ ಎಂದು ಅವರ ಪ್ರಶ್ನೆ. ಒಳ್ಳೆಯದು, ಆ ಪ್ರಮಾಣವನ್ನೇ ಪರೀಕ್ಷಿಸಬಹುದು. ಅರ್ಜುನನಿಗೆ ವಿದ್ಯೆ ಕಲಿಸಿದ ದ್ರೋಣನು ಆ ದಿನ ಎದುರು ಸೇನೆಯಲ್ಲಿ ನಿಂತಿದ್ದನು. ಶಿಷ್ಯನ ಸಂಕಟಕ್ಕೆ ಅವನೂ ಒಂದು ಕಾರಣ. ಸಂಕಟವನ್ನು ಕೇಳಿದವನು ಸಖನೂ ಸಾರಥಿಯೂ ಆದವನು. ಮೊದಲನೆಯ ಅಧ್ಯಾಯದ ಕೊನೆಯ ಭಾಗವೆಲ್ಲ ಅರ್ಜುನನ ಅಳಲಿಗೇ ಮೀಸಲು. ಅಲ್ಲಿ ಕೃಷ್ಣನು ನಡುವೆ ಬಾಯಿ ಹಾಕುವುದಿಲ್ಲ. ಎರಡನೆಯ ಅಧ್ಯಾಯದ ಆರಂಭದಲ್ಲಿ ಅವನೂ ಎರಡು ಶ್ಲೋಕಗಳಷ್ಟು ಗದರಿದನು, ಈ ದೌರ್ಬಲ್ಯ ನಿನಗೆ ತಕ್ಕದ್ದಲ್ಲವೆಂದು. ಫಲವೇನಾಯಿತು? ಯುದ್ಧ ಮಾಡುವುದಿಲ್ಲವೆಂದು ಹೇಳಿ ಅರ್ಜುನನು ಸುಮ್ಮನಾದನು. ಉಪದೇಶವು ಮೊದಲಾದದ್ದು ಆಮೇಲೆ, ಹನ್ನೊಂದನೆಯ ಶ್ಲೋಕದಿಂದ. “ಧೈರ್ಯವಾಗಿರು” ಎಂದು ಬೆನ್ನು ತಟ್ಟಿ ತರಗತಿಗೆ ಕಳುಹಿಸುವುದೇ ಸಲಹೆಯೆಂದು ತಿಳಿದ ಮಹನೀಯರು ಆ ಹತ್ತು ಶ್ಲೋಕಗಳನ್ನು ಮತ್ತೊಮ್ಮೆ ಓದುವುದು ಮೇಲು.

ಉಪಾಧ್ಯಾಯರಲ್ಲಿ ಕರುಣೆಯಿಲ್ಲವೆಂದು ಇದರ ಅರ್ಥವಲ್ಲ. ಅಂಕಗಳೂ ಶಿಕ್ಷೆಯೂ ನಡತೆಯ ಪ್ರಮಾಣಪತ್ರವೂ ಯಾರ ಕೈಯಲ್ಲಿವೆಯೋ ಅವರೆದುರಿಗೆ ಮಗುವು ಮನಸ್ಸು ಬಿಚ್ಚಲಾರದು. ಗಣಿತದ ಮೇಷ್ಟರ ಭಯವೇ ರೋಗವಾಗಿರುವಾಗ ಅವರೇ ವೈದ್ಯರೂ ಆಗಿ ಕುಳಿತರೆ ಮಗುವು ಹೋಗುವುದೆಲ್ಲಿಗೆ? ಹತ್ತನೆಯ ತರಗತಿಯಾದ ಮೇಲಿನ ಮಾರ್ಗದರ್ಶನದ ಸಂಗತಿಯಂತೂ ಇನ್ನೂ ವಿಷಮ. ಚರಿತ್ರೆಯಲ್ಲೋ ಚಿತ್ರಕಲೆಯಲ್ಲೋ ಅಭಿರುಚಿಯಿರುವ ಹುಡುಗನು ವಿಜ್ಞಾನ ವಿಭಾಗಕ್ಕೆ ಸೇರದಿದ್ದರೆ ಮನೆತನದ ಮಾನ ಹೋಯಿತೆಂದು ಭಾವಿಸುವ ಸುಶಿಕ್ಷಿತ ಕುಟುಂಬಗಳು ಈ ನಗರದಲ್ಲಿ ಕಡಿಮೆಯಿಲ್ಲ. ಅದೇ ಆಡಳಿತದ ಪದವಿಪೂರ್ವ ಕಾಲೇಜಿನ ಸ್ಥಾನಗಳನ್ನು ತುಂಬಿಸಬೇಕಾದ ಉಪಾಧ್ಯಾಯನು ಅಂಥ ಹುಡುಗನಿಗೆ ನಿಷ್ಪಕ್ಷಪಾತವಾಗಿ ದಾರಿ ತೋರುವನೆಂದು ನಂಬುವುದು, ಬೆಕ್ಕಿನ ವಶಕ್ಕೆ ಹಾಲಿನ ಪಾತ್ರೆಯನ್ನು ಒಪ್ಪಿಸಿ ನಿದ್ರೆ ಹೋದಂತೆ.

ತಜ್ಞರು ದೊರೆಯುವುದಿಲ್ಲವೆಂಬ ಆಕ್ಷೇಪವು ಬೇರೆ ಊರುಗಳಿಗೆ ಒಪ್ಪೀತು, ಮೈಸೂರಿಗೆ ಒಪ್ಪದು. ಇಲ್ಲಿಯ ಮಹಾರಾಜಾ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ, ಲಂಡನ್ನಿನಲ್ಲಿ ಸ್ಪಿಯರ್ಮನ್ನರ ಬಳಿ ಕಲಿತುಬಂದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1963ರಲ್ಲಿ ಸ್ಥಾಪಿತವಾದ, ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಕರೆಯಲ್ಪಡುವ ವಿದ್ಯಾಲಯವು ಉಪಾಧ್ಯಾಯರಿಗೂ ಆಪ್ತಸಮಾಲೋಚನೆಯ ಡಿಪ್ಲೊಮಾ ಶಿಕ್ಷಣವನ್ನು ಕೊಡುತ್ತ ಬಂದಿದೆ. 1965ರ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ವಿಭಾಗವಿದೆ. ಇವೆಲ್ಲ ಇರುವ ಪ್ರದೇಶಕ್ಕೆ ಕುವೆಂಪು ಅವರಿಟ್ಟ ಹೆಸರು ಮಾನಸಗಂಗೋತ್ರಿ. ಆ ಗಂಗೆಯು ಒಂದೆರಡು ಮೈಲಿ ಹರಿದು ಅಗ್ರಹಾರದ ಶಾಲೆಯನ್ನು ಮುಟ್ಟದಿದ್ದರೆ ದೋಷವು ಗಂಗೆಯದಲ್ಲ. ತರಬೇತಾದ ಮಾರ್ಗದರ್ಶಕರು ಕ್ರಮೇಣ ಎಲ್ಲ ಶಾಲೆಗಳಿಗೂ ದೊರೆಯಬೇಕೆಂದು ಮುದಲಿಯಾರ್ ಆಯೋಗವು ಹೇಳಿದ್ದು 1953ರಲ್ಲಿ. “ಕ್ರಮೇಣ” ಎಂಬ ಪದಕ್ಕೆ ಎಪ್ಪತ್ತು ವರ್ಷ ಮೀರಿದ ವ್ಯಾಖ್ಯಾನವನ್ನು ಯಾವ ಕೋಶವೂ ಒಪ್ಪದು.

ಇನ್ನು ತರಬೇತಿ. ಒಂದು ಶನಿವಾರ ಉಪನ್ಯಾಸವನ್ನು ಏರ್ಪಡಿಸಿ, ಉಪ್ಪಿಟ್ಟು ಕಾಫಿ ಕೊಟ್ಟು, ಹಾಜರಿ ಪುಸ್ತಕದಲ್ಲಿ ರುಜು ಹಾಕಿಸಿಕೊಂಡರೆ ವಿಧಿಯ ಅಕ್ಷರ ಪಾಲನೆಯಾದೀತು. ಉಪಾಧ್ಯಾಯನು ಕಲಿಯಬೇಕಾದದ್ದು ಚಿಕಿತ್ಸೆಯನ್ನಲ್ಲ. ಗೆಳೆಯರನ್ನು ತೊರೆದ, ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬಿದ್ದ, ಸಾವಿನ ಮಾತನ್ನು ಹಾಸ್ಯವೆಂಬಂತೆ ಆಡುವ ಮಗುವನ್ನು ಗುರುತಿಸುವುದು. ಉಪದೇಶ ಮಾಡದೆ ಕೇಳುವುದು. ತಡಮಾಡದೆ ಬಲ್ಲವರಿಗೆ ಒಪ್ಪಿಸುವುದು. ಕೇಳಿದ್ದನ್ನು ಉಪಾಧ್ಯಾಯರ ಕೊಠಡಿಯ ಹರಟೆಗೆ ತಾರದಿರುವುದು. ಕೊನೆಯದೇ ಎಲ್ಲಕ್ಕಿಂತ ಕಠಿಣ. ಗೋಪ್ಯಕ್ಕೂ ಮೇರೆಯುಂಟು: ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಮುಚ್ಚಿಡಲಾಗದು, ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಊಟದ ಡಬ್ಬಿ ತುಂಬಿದಂತೆಯೇ ಮನೆಗೆ ಹಿಂದಿರುಗುತ್ತಿರುವುದನ್ನು ಮೊದಲು ಕಾಣುವವಳು ಆಯಾ. ಹಿಂದಿನ ಸೀಟಿನ ಅಳುವನ್ನು ಕೇಳುವವನು ಬಸ್ಸಿನ ಚಾಲಕ. ನ್ಯಾಯಾಲಯವು ಇತರ ನೌಕರರನ್ನೂ ಸೇರಿಸಿರುವುದು ಸುಮ್ಮನೆಯಲ್ಲ.

ವೆಚ್ಚದ ಮಾತನ್ನು ಎತ್ತುವ ದೊಡ್ಡ ಶಾಲೆಗಳು ವಾರ್ಷಿಕೋತ್ಸವದ ಲೆಕ್ಕವನ್ನು ಒಮ್ಮೆ ತೆರೆದು ನೋಡಲಿ. ಅರವತ್ತು ಮಕ್ಕಳ ಸರ್ಕಾರಿ ಶಾಲೆಗೆ ಆ ಮಾತು ಹೇಳಲಾಗದು. ಅಂಥ ಐದಾರು ಶಾಲೆಗಳಿಗೆ ಸೇರಿ ಒಬ್ಬ ತಜ್ಞರು ವಾರಕ್ಕೊಂದು ದಿನ ಬರುವಂತೆ ಇಲಾಖೆಯೇ ಏರ್ಪಾಡು ಮಾಡಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಇಂದೇ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬಹುದು, ಅದಕ್ಕೆ ಯಾರ ಮಂಜೂರಾತಿಯೂ ಬೇಡ. ತಜ್ಞರಿಗೆ ಕೊಡುವ ಕೊಠಡಿಯು ಮುಖ್ಯೋಪಾಧ್ಯಾಯರ ಕೊಠಡಿಗೆ ತಾಗಿರಬಾರದು. ಒಳಗೆ ಹೋಗುವ ಮಗುವನ್ನು ಇಡೀ ತರಗತಿಯೇ ಕಿಟಕಿಯಿಂದ ನೋಡುವಂತೆಯೂ ಇರಬಾರದು. ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಮುನ್ನ ಸುಣ್ಣಬಣ್ಣದ ಜೊತೆಗೆ ಆ ಕೊಠಡಿಯೂ ಸಿದ್ಧವಾಗಿದೆಯೇ ಎಂದು ಪೋಷಕರು ಹೋಗಿ ಕೇಳಲಿ.