ಸೂಜಿಯೆಲೆಯೂ ಬೇವಿನೆಲೆಯೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಪೈನ್ ವೃಕ್ಷದ ಸೀಮೆಯಲ್ಲ. ಸೂಜಿಯೆಲೆಯ ಮರವೆಂದು ನಾವು ಮಕ್ಕಳಿಗೆ ತೋರಿಸುವ ಗಾಳಿಮರವೂ ಆ ಕುಲದ್ದಲ್ಲ. ಅದರಲ್ಲಿ ಎಲೆಯಂತೆ ಜೋಲುವುವು ಹಸಿರು ಕಡ್ಡಿಗಳು. ಪೈನಿನ ದೂರದ ಬಂಧುಗಳಾದ ಅರೊಕೇರಿಯಾ ಮರಗಳನ್ನು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೋಡಬಹುದು. ಆದರೂ ಪಟ್ಟಣದ ಹೊಗೆಯು ಸೂಜಿಯೆಲೆಯಲ್ಲಿ ಮಾಡುವ ಮಾರ್ಪಾಟು ನಮ್ಮ ಗೃಹಿಣಿಯರೂ ಅರಿಯತಕ್ಕ ವಿಷಯವೇ ಸರಿ.

ಪೈನಿನ ಎಲೆ ಎರಡು ಮೂರು ವರ್ಷ, ಕೆಲವು ಜಾತಿಗಳಲ್ಲಿ ಇನ್ನೂ ಹೆಚ್ಚು ಕಾಲ, ಉದುರದೆ ನಿಲ್ಲುವುದು. ಆದಕಾರಣ ರಸಾಯನಜ್ಞರು ಒಂದೇ ಕೊಂಬೆಯಿಂದ ಹೋದ ವರ್ಷದ ಎಲೆಯನ್ನೂ ಈ ವರ್ಷದ ಎಲೆಯನ್ನೂ ಬೇರೆ ಬೇರೆಯಾಗಿ ಕಿತ್ತು ಪರೀಕ್ಷಿಸುವರು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅನಿಲವು ಎಲೆಯ ಸೂಕ್ಷ್ಮರಂಧ್ರಗಳಿಂದ ಒಳಹೊಕ್ಕು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಬಳಿಕ ಲವಣರೂಪವಾಗಿ ಅಲ್ಲಿಯೇ ಸಂಚಯವಾಗುವುದು. ಆಮ್ಲವು ಮಿತಿಮೀರಿದರೆ ಹಸಿರು ದ್ರವ್ಯದೊಳಗಿನ ಮ್ಯಾಗ್ನೀಸಿಯಂ ಕಳಚಿಹೋಗುವುದು. ಇದನ್ನು ನೋಡಲು ಪ್ರಯೋಗಶಾಲೆ ಬೇಕಿಲ್ಲ. ಪಾಲಕ ಸೊಪ್ಪು ಬೇಯುವಾಗ ಹುಣಿಸೆಹುಳಿ ಹಿಂಡಿರಿ. ಅದರ ಹಸಿರು ಮಾಸಿ ಕಂದಾಗುವುದು ಇದೇ ಕಾರಣದಿಂದ.

ಎಲೆಯ ಮೇಲೊಂದು ಮೇಣದ ಪೊರೆಯುಂಟು. ತೆರೆದಿಟ್ಟ ಬೆಣ್ಣೆ ಅಡುಗೆಮನೆಯ ವಾಸನೆಯನ್ನೆಲ್ಲ ಹೀರುವಂತೆ, ಆ ಪೊರೆಯು ಹೊಗೆಯ ಟಾರಿನಂಥ ದ್ರವ್ಯಗಳನ್ನು ಹೀರಿಕೊಳ್ಳುವುದು. ಧೂಳನ್ನು ತೊಳೆಯಬಹುದು, ಮೇಣದೊಳಗೆ ಇಳಿದುದು ನೀರಿಗೆ ಜಗ್ಗದು.

ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಹಾದು ಹೋಗುವುದಷ್ಟೆ. ಅದರ ಬದಿಯ ಬೇವಿಗೂ ಇಂಥ ಪೊರೆಯಿದೆ, ರಂಧ್ರಗಳಿವೆ. ಎಲ್ಲವೂ ಕೆಟ್ಟಿತೆನ್ನಲಾಗದು. ಸೀಸ ಬೆರೆತ ಪೆಟ್ರೋಲು 2000ನೆಯ ಇಸವಿಯಲ್ಲಿ ನಿಂತಿತು. 2020ರ ಏಪ್ರಿಲಿನಿಂದ ಡೀಸೆಲಿನ ಗಂಧಕವು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಉಳಿದಿರುವುವು ಮಸಿ, ಸಾರಜನಕದ ಅನಿಲಗಳು, ಗಾಲಿ ಸವೆದು ಹಾರುವ ಸತುವಿನ ಪುಡಿ. ಬೇವಿಗೆ ಒಂದು ಅನುಕೂಲವುಂಟು: ಪೈನಿನಂತೆ ಅದು ಹಳೆಯ ಎಲೆಯನ್ನು ವರ್ಷಾನುವರ್ಷ ಹೊತ್ತು ನಿಲ್ಲುವುದಿಲ್ಲ. ಯುಗಾದಿಯ ಬೇವು-ಬೆಲ್ಲಕ್ಕೆ ನಾವು ಕೀಳುವ ತಳಿರು ಕೆಲವೇ ವಾರಗಳ ಕೂಸು. ಅದು ಉಂಡ ಹೊಗೆ ಅಲ್ಪ. ಕಾರ್ತಿಕದಲ್ಲಿ ಕಿತ್ತ ಎಲೆಯಾದರೋ ತಿಂಗಳುಗಟ್ಟಲೆ ಉಂಡಿರುವುದು. ಮದ್ದಿಗೆಂದು ಬೇವನ್ನು ಅರೆಯುವವರು, ಒಗ್ಗರಣೆಗೆ ಕರಿಬೇವು ಕೀಳುವವರು, ಹಿತ್ತಿಲ ಗಿಡವಿದ್ದರೆ ರಸ್ತೆಬದಿಯ ಗಿಡಕ್ಕೆ ಕೈಹಾಕಬಾರದು.

ಬ್ಯಾಡಗಿ ಮೆಣಸಿನಕಾಯಿಗೂ ಮೇಣದ ಸಿಪ್ಪೆಯುಂಟು. ಬಿಸಿಲು ಚೆನ್ನಾಗಿದೆಯೆಂದು ಅದನ್ನು ಡಾಂಬರು ರಸ್ತೆಯ ಅಂಚಿನಲ್ಲಿ ದಿನಗಟ್ಟಲೆ ಹರವುವುದುಂಟು. ಮನೆಗೆ ವರ್ಷದ ಕಾಯಿ ಕೊಳ್ಳುವಾಗ ಬಣ್ಣವನ್ನು ನೋಡುವೆವು, ಸುಕ್ಕನ್ನು ನೋಡುವೆವು. ಎಲ್ಲಿ ಒಣಗಿಸಿದಿರಿ, ಹೊಲದ ಕಣದಲ್ಲಿಯೋ ರಸ್ತೆಯ ಮೇಲೆಯೋ ಎಂದು ಮಾರುವವರನ್ನು ಕೇಳುವುದೂ ಲೇಸು.