ದೂರದ ಮಾಲೀಕರೂ ತೋಟದ ಜಿಂಕೆಯೂ

ಅಮೆರಿಕದ ಮಿಸೌರಿ ರಾಜ್ಯದಲ್ಲೇ ನೆಲೆಸಿ, ಒಂದೇ ತುಂಡಾಗಿ 5 ಎಕರೆ ಜಮೀನುಳ್ಳ ರೈತನಿಗೆ ಸ್ವಂತ ಭೂಮಿಯಲ್ಲಿ ಜಿಂಕೆ ಬೇಟೆಯ ಪರವಾನಗಿ ಉಚಿತ. ಹೊರರಾಜ್ಯದಲ್ಲಿ ವಾಸಿಸುವ ಮಾಲೀಕನಿಗೆ 75 ಎಕರೆ ಇದ್ದರೂ ಶುಲ್ಕದಲ್ಲಿ ರಿಯಾಯಿತಿ ಮಾತ್ರ. ಇದು ನಮಗೆ ಅನ್ಯಾಯವೆನಿಸದು. ಜಿಂಕೆ ಯಾರ ಪಹಣಿಗೂ ಸೇರಿದ ಸೊತ್ತಲ್ಲ. ಅಲ್ಲೇ ಇದ್ದು ಅದರ ಉಪಟಳ ಸಹಿಸುವವನಿಗೆ ಮೊದಲ ಮನ್ನಣೆ ಸಲ್ಲಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಮುಂದೆ ಊರಿನವರೂ ಬೆಂಗಳೂರಿನವರೂ ಒಂದೇ. ಬೇಟೆ ಇಬ್ಬರಿಗೂ ನಿಷಿದ್ಧ. ಉಳಿದಿರುವುದು ಪರಿಹಾರದ ದಾರಿ. ಆದರೆ ಕಡವೆ ಅಡಿಕೆ ಸಸಿ ಮೇಯ್ದುಹೋದ ಬೆಳಿಗ್ಗೆ ಅರ್ಜಿ ಬರೆಯುವವರು ಯಾರು? ಗೊರಸಿನ ಗುರುತು ಒಂದೇ ಮಳೆಗೆ ಅಳಿಸಿಹೋಗುತ್ತದೆ. ದೂರವಿರುವ ಸದಸ್ಯರು ತೋಟದ ರೈಟರಿಗೋ ನೆರೆಯವರಿಗೋ ಇಂದೇ ಅಧಿಕಾರಪತ್ರ ಬರೆದುಕೊಡಲಿ; ಅರಣ್ಯ ಇಲಾಖೆಯೂ ಅದನ್ನು ಮಾನ್ಯ ಮಾಡಲಿ ಎಂಬುದು ನಮ್ಮ ಒತ್ತಾಯ.